ಸಿಲಿಂಡರಿನ ಕ್ಲೋರಿನ್ನಿಗೆ ಜಗ್ಗದ ಕಬ್ಬಿಣ ಹುಳುಮನೆಯಲ್ಲಿ ಏಕೆ ತಿಂದುಹೋಗುತ್ತಿದೆ?

ಪ್ರಶ್ನೆ: ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ ತಾಲ್ಲೂಕು

ಮಾನ್ಯರೇ,

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಮೂರು ವರ್ಷಗಳ ಹಿಂದೆ ಹೊಸ ಹುಳುಮನೆ ಕಟ್ಟಿ, ಬಿದಿರಿನ ಅಟ್ಟಣಿಗೆಗಳ ಬದಲು ಕಬ್ಬಿಣದ ಆಂಗಲ್‌ಗಳಿಂದ ಸ್ಟ್ಯಾಂಡುಗಳನ್ನು ಬೆಸುಗೆ ಹಾಕಿಸಿ, ಅವುಗಳ ಮೇಲೆ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಯ ಜಾಲರಿ ಬಿಗಿಸಿದೆ. ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತೇನೆ. ಪ್ರತಿ ಬೆಳೆ ಮುಗಿದು ಗೂಡು ಬಿಡಿಸಿದ ಮೇಲೆ, ರೋಗ ಮುಂದಿನ ಬೆಳೆಗೆ ದಾಟದಂತೆ, ನೂರು ಲೀಟರ್ ನೀರಿಗೆ ಎರಡು ಕಿಲೋ ಬ್ಲೀಚಿಂಗ್ ಪೌಡರ್ ಮತ್ತು ಮುನ್ನೂರು ಗ್ರಾಂ ಅರಳಿದ ಸುಣ್ಣದ ಲೆಕ್ಕದಲ್ಲಿ ದ್ರಾವಣ ಮಾಡಿ ಗೋಡೆ, ನೆಲ, ಸ್ಟ್ಯಾಂಡು ಎಲ್ಲವೂ ನೆನೆಯುವಂತೆ ಸಿಂಪಡಿಸುತ್ತೇನೆ. ಹುಳುಗಳಿಗೆ ಇದರಿಂದ ಒಳ್ಳೆಯದೇ ಆಗಿದೆ. ಆದರೆ ಆಂಗಲ್‌ಗಳ ತುಕ್ಕು ಈಗ ಹಪ್ಪಳದಂತೆ ಪದರ ಪದರವಾಗಿ ಏಳುತ್ತಿದೆ, ಕೆಳ ಅಂತಸ್ತಿನ ಎರಡು ಬೆಸುಗೆಗಳು ಬಿಟ್ಟುಕೊಂಡಿವೆ, ಜಿಐ ತಂತಿಯ ಮೇಲೆ ಬಿಳಿಯ ಬೂದಿ ಕೂತಿದೆ, ಅಲ್ಯೂಮಿನಿಯಂ ತಗಡಿನಲ್ಲಿ ಸಾಸಿವೆ ಗಾತ್ರದ ಗುಂಡಿಗಳು ಬಿದ್ದಿವೆ, ಸ್ಪ್ರೇಯರಿನ ಹಿತ್ತಾಳೆ ಮೂತಿಗೆ ಕಿಲುಬು ಹಿಡಿದು ಒಂದು ಕಡೆ ಸೀಳೂ ಬಿಟ್ಟಿದೆ.

ಇದಕ್ಕೆ ಪೌಡರಿನಿಂದ ಏಳುವ ಕ್ಲೋರಿನ್ ಅನಿಲವೇ ಕಾರಣವೆಂದು ತಿಳಿದವರು ಹೇಳಿದರು. ನನ್ನ ಗೊಂದಲ ಆರಂಭವಾಗಿದ್ದು ಅಲ್ಲಿಂದಲೇ. ಕುಡಿಯುವ ನೀರಿನ ಶುದ್ಧೀಕರಣ ಘಟಕವೊಂದಕ್ಕೆ ಹೋಗಿದ್ದಾಗ ಅಲ್ಲಿ ಕ್ಲೋರಿನ್ ತುಂಬಿದ ದೊಡ್ಡ ಸಿಲಿಂಡರುಗಳನ್ನು ನೋಡಿದೆ. ಅವು ಮಾಮೂಲಿ ಉಕ್ಕಿನವು, ಒಳಗೆ ಯಾವ ಲೇಪನವೂ ಇಲ್ಲವೆಂದು ಅಲ್ಲಿನ ನಿರ್ವಾಹಕರು ತಿಳಿಸಿದರು. ಅಪ್ಪಟ ಕ್ಲೋರಿನ್ ವರ್ಷಗಟ್ಟಲೆ ಒಳಗಿದ್ದರೂ ಸಿಲಿಂಡರಿಗೆ ಏನೂ ಆಗುವುದಿಲ್ಲ, ಮೂಗಿಗೆ ಅಷ್ಟಿಷ್ಟು ತಾಗುವ ಕ್ಲೋರಿನ್ ನನ್ನ ಆಂಗಲ್‌ಗಳನ್ನು ಮೂರು ವರ್ಷದಲ್ಲಿ ಮುಗಿಸುತ್ತಿದೆ ಎಂದರೆ, ಲೋಹವನ್ನು ಅನಿಲ ತಿನ್ನುವ ವೇಗವನ್ನು ನಿರ್ಧರಿಸುವುದು ಅನಿಲದ ಪ್ರಮಾಣವಲ್ಲವೇ? ಇನ್ನೊಂದು ಸಂಗತಿಯೂ ನನಗೆ ಒಗಟಾಗಿದೆ. ಕಳೆದ ಬೇಸಿಗೆಯಲ್ಲಿ ಸೊಪ್ಪಿಗೆ ನೀರು ಸಾಲದೆ ಎರಡು ತಿಂಗಳು ಹುಳುಮನೆಗೆ ಬೀಗ ಹಾಕಿದ್ದೆ. ಕ್ಲೋರಿನ್ ವಾಸನೆ ಒಂದು ವಾರದಲ್ಲೇ ಹೋಗಿತ್ತು. ಆದರೂ ಬಾಗಿಲು ತೆರೆದಾಗ ತುಕ್ಕು ಮೊದಲಿಗಿಂತ ಹೆಚ್ಚಾಗಿತ್ತು. ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ರಸಾಯನಶಾಸ್ತ್ರ ಅಧ್ಯಾಪಕ, ತುಮಕೂರು

ನೀವು ಗಮನಿಸಿರುವ ಎರಡೂ ಸಂಗತಿಗಳು ಸರಿಯಾಗಿವೆ, ಮತ್ತು ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ನೀರು. ಒಣ ಕ್ಲೋರಿನ್ ಮತ್ತು ತೇವದ ಕ್ಲೋರಿನ್ ಹೆಸರಿಗೆ ಒಂದೇ ಅನಿಲವಾದರೂ ಕಬ್ಬಿಣದ ಪಾಲಿಗೆ ಅವು ಬೇರೆ ಬೇರೆ ವಸ್ತುಗಳು. ಸಿಲಿಂಡರಿಗೆ ತುಂಬುವ ಮೊದಲು ಕ್ಲೋರಿನ್ನಿನ ತೇವವನ್ನು ಪೂರ್ತಿಯಾಗಿ ತೆಗೆಯುತ್ತಾರೆ. ಅದು ಉಕ್ಕಿನ ಒಳಮೈಯನ್ನು ತಾಕಿದಾಗ ಕಬ್ಬಿಣದ ಕ್ಲೋರೈಡಿನ ಒಂದು ತೆಳುವಾದ ಪದರ ಉಂಟಾಗುತ್ತದೆ, ಆ ಪದರವೇ ಮುಂದೆ ಅನಿಲಕ್ಕೂ ಲೋಹಕ್ಕೂ ನಡುವೆ ಅಡ್ಡ ನಿಲ್ಲುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ ಆ ಪದರವನ್ನು ದಾಟುವುದು ಎಷ್ಟು ನಿಧಾನವೆಂದರೆ ಪ್ರಾಯೋಗಿಕವಾಗಿ ಕ್ರಿಯೆ ನಿಂತಂತೆಯೇ.

ಅದೇ ಅನಿಲಕ್ಕೆ ನೀರು ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲವೂ ಹೈಪೋಕ್ಲೋರಸ್ ಆಮ್ಲವೂ ಹುಟ್ಟುತ್ತವೆ. ಕಬ್ಬಿಣದ ಕ್ಲೋರೈಡು ನೀರಿನಲ್ಲಿ ಕರಗುವ ಲವಣವಾದ್ದರಿಂದ ಕಾಪಾಡುತ್ತಿದ್ದ ಪದರ ಕರಗಿ ಹೋಗುತ್ತದೆ, ಹೊಸ ಲೋಹ ಆಮ್ಲಕ್ಕೆ ತೆರೆದುಕೊಳ್ಳುತ್ತದೆ. ಕ್ಲೋರಿನ್ ಸಿಲಿಂಡರು ಸೋರುತ್ತಿರುವಾಗ ಸೋರುವ ಜಾಗದ ಮೇಲೆ ನೀರು ಹೊಡೆಯಬಾರದೆಂದು ಕೆಲಸಗಾರರಿಗೆ ಕಲಿಸುವುದು ಇದೇ ಕಾರಣಕ್ಕೆ. ನೀರು ಬಿದ್ದರೆ ಅಲ್ಲಿ ಆಮ್ಲ ಹುಟ್ಟಿ ಸಣ್ಣ ತೂತು ದೊಡ್ಡದಾಗುತ್ತದೆ.

ಈಗ ನಿಮ್ಮ ಹುಳುಮನೆಗೆ ಬರೋಣ. ಅಲ್ಲಿ ನಡೆಯುತ್ತಿರುವುದು ಅನಿಲ ನೇರವಾಗಿ ಲೋಹವನ್ನು ತಿನ್ನುವ ಕ್ರಿಯೆಯಲ್ಲ. ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆಯೊಂದಿರುತ್ತದೆ, ಅನಿಲ ಆ ಪೊರೆಯಲ್ಲಿ ಕರಗುತ್ತದೆ, ಆ ಬಳಿಕ ಪೊರೆಯೊಳಗೆ ಪುಟ್ಟ ಬ್ಯಾಟರಿಯಂತಹ ಕ್ರಿಯೆ ಸಾಗುತ್ತದೆ: ಒಂದು ಜಾಗದಲ್ಲಿ ಕಬ್ಬಿಣ ಅಯಾನಾಗಿ (ವಿದ್ಯುದಂಶವುಳ್ಳ ಕಣವಾಗಿ) ಕರಗುತ್ತದೆ, ಅದು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನು ಇನ್ನೊಂದು ಜಾಗದಲ್ಲಿ ಆಮ್ಲಜನಕವೋ ಕ್ಲೋರಿನ್ನೋ ತೆಗೆದುಕೊಳ್ಳುತ್ತದೆ. ಪೊರೆ ಇಲ್ಲದಿದ್ದರೆ ಬ್ಯಾಟರಿಯೂ ಇಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ ಗಂಧಕದ ಡೈಆಕ್ಸೈಡ್ ಬೆರೆತ ಗಾಳಿಯಲ್ಲಿ ಕಬ್ಬಿಣದ ತುಂಡುಗಳನ್ನಿಟ್ಟು, ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು (ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಶೇಕಡ ಎಷ್ಟು ಅದರಲ್ಲಿದೆ ಎಂಬುದನ್ನು) ಸ್ವಲ್ಪ ಸ್ವಲ್ಪವೇ ಏರಿಸಿ ಅಳೆದರು. ಸುಮಾರು ಶೇಕಡ 60ರ ತನಕ ತುಕ್ಕು ಅತ್ಯಲ್ಪವಾಗಿತ್ತು, ಅದನ್ನು ದಾಟಿದೊಡನೆ ಕಡಿದಾಗಿ ಏರಿತು. ಅನಿಲ ಅಷ್ಟೇ ಇದ್ದರೂ ತೇವಾಂಶ ಆ ಗಡಿಯನ್ನು ದಾಟಿದ್ದೇ ವ್ಯತ್ಯಾಸಕ್ಕೆ ಕಾರಣ. ಇದನ್ನು ನಿರ್ಣಾಯಕ ಆರ್ದ್ರತೆ ಎನ್ನುತ್ತಾರೆ.

ಚಾಕಿ ಹುಳುಗಳಿಗೆ, ಅಂದರೆ ಮರಿಹುಳುಗಳಿಗೆ, ಶೇಕಡ 85ರಿಂದ 90, ದೊಡ್ಡ ಹುಳುಗಳಿಗೆ 70ರಿಂದ 75ರ ಆರ್ದ್ರತೆ ಬೇಕೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂದರೆ ಹುಳುವಿಗೆ ಹಿತವಾದ ಗಾಳಿ ಮೊದಲ ದಿನದಿಂದ ಕೊನೆಯ ದಿನದವರೆಗೂ ಕಬ್ಬಿಣದ ಗಡಿಯಿಂದ ಆಚೆಗೇ ಇರುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಅಂಗಳದಲ್ಲಿ ಬಿದ್ದ ಅದೇ ಆಂಗಲ್ ತುಂಡು ಅಷ್ಟೊಂದು ಕೆಡದಿರುವುದಕ್ಕೂ ಇದೇ ಕಾರಣ.

ಬೀಗ ಹಾಕಿದ್ದ ಎರಡು ತಿಂಗಳ ಒಗಟು ಇದಕ್ಕಿಂತ ಸ್ವಾರಸ್ಯಕರವಾದದ್ದು. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹಾರಿಹೋದರೂ ಅದರಿಂದ ಉಂಟಾದ ಕ್ಯಾಲ್ಸಿಯಂ ಕ್ಲೋರೈಡ್ ಅಲ್ಲೇ ಉಳಿಯುತ್ತದೆ. ಈ ಲವಣ ಗಾಳಿಯ ತೇವವನ್ನು ಹೀರಿ ತಾನೇ ನೀರಾಗುವ ಸ್ವಭಾವದ್ದು, ಅದಕ್ಕೆ ಶೇಕಡ 30ರ ಆಸುಪಾಸಿನ ಆರ್ದ್ರತೆ ಸಾಕು. ಬೇಸಿಗೆಯ ಮಧ್ಯಾಹ್ನ ಗಾಳಿ ಎಷ್ಟೇ ಒಣಗಿದ್ದರೂ ರಾತ್ರಿಯ ಹೊತ್ತಿಗೆ ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ ನಿಮಗೆ ಒಣಗಿದಂತೆ ಕಂಡ ಆಂಗಲ್ ಬೆಸುಗೆಯ ಸಂದುಗಳಲ್ಲಿ ದಿನವೂ ತೇವವಾಗಿಯೇ ಇತ್ತು. ಜೊತೆಗೆ ಕ್ಲೋರೈಡು ಈ ಕೆಲಸದಲ್ಲಿ ಖರ್ಚಾಗುವುದಿಲ್ಲ. ಅದು ಕಬ್ಬಿಣದೊಡನೆ ಸೇರಿ ಫೆರಸ್ ಕ್ಲೋರೈಡ್ ಆಗುತ್ತದೆ, ಅದು ನೀರು ಮತ್ತು ಆಮ್ಲಜನಕದೊಡನೆ ಕೂಡಿ ತುಕ್ಕಾಗುವಾಗ ಕ್ಲೋರೈಡು ಬಿಡುಗಡೆಯಾಗಿ ಮುಂದಿನ ಕಬ್ಬಿಣಕ್ಕೆ ಕೈ ಹಾಕುತ್ತದೆ. ಒಂದೇ ಆಳು ಬೆಳಗಿನಿಂದ ಸಂಜೆಯವರೆಗೆ ಮಣ್ಣು ಹೊತ್ತಂತೆ, ಸ್ವಲ್ಪವೇ ಕ್ಲೋರೈಡು ಬಹಳಷ್ಟು ಕಬ್ಬಿಣವನ್ನು ತುಕ್ಕಾಗಿಸುತ್ತದೆ.

ಸುಣ್ಣದ ವಿಷಯವನ್ನೂ ಹೇಳಬೇಕು. ಸುಣ್ಣದ ತಿಳಿ ಕ್ಷಾರವಾದ್ದರಿಂದ, ಕಾಂಕ್ರೀಟಿನೊಳಗಿನ ಸಲಾಕೆಯನ್ನು ಸಿಮೆಂಟಿನ ಕ್ಷಾರ ಕಾಪಾಡುವಂತೆ, ಕಬ್ಬಿಣವನ್ನು ತುಸು ಕಾಲ ಕಾಪಾಡುತ್ತದೆ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ತೆಳುವಾಗಿ ಬಳಿದ ಸುಣ್ಣವನ್ನು ಬೇಗನೆ ಸೀಮೆಸುಣ್ಣವಾಗಿಸುತ್ತದೆ, ಆಗ ರಕ್ಷಣೆ ಮುಗಿದು ಕ್ಲೋರೈಡು ಮಾತ್ರ ಉಳಿಯುತ್ತದೆ. ಅಲ್ಯೂಮಿನಿಯಂ ಮತ್ತು ಸತುವಿಗೆ ಇದು ಮೊದಲಿನಿಂದಲೇ ಅಪಾಯ. ಅವುಗಳ ಮೇಲಿನ ಕಾಪಿನ ಪದರ ಗಟ್ಟಿ ಕ್ಷಾರದಲ್ಲಿಯೂ ಕರಗುತ್ತದೆ. ನಿಮ್ಮ ತಗಡಿನ ಗುಂಡಿಗಳು ಕ್ಲೋರೈಡಿನವು, ಜಿಐ ತಂತಿಯ ಬೂದಿಯಲ್ಲಿ ಸುಣ್ಣದ ಪಾಲೂ ಇದೆ ಎಂದು ನನ್ನ ಅಭಿಪ್ರಾಯ.

ಇನ್ನು, ಉಷ್ಣತೆ ಏರಿದಂತೆ ಎಲ್ಲ ರಾಸಾಯನಿಕ ಕ್ರಿಯೆಗಳೂ ವೇಗವಾಗುತ್ತವೆ ಎಂಬುದನ್ನು ನೆನಪಿನಲ್ಲಿಡಿ. ಬಿಸಿಲಿಗೆ ಬಿದ್ದ ಭಾಗ ಮೊದಲು ಕೆಡುತ್ತದೆ.

ಉತ್ತರ 2: ಹೀಟ್ ಟ್ರೀಟ್‌ಮೆಂಟ್ ಕೆಲಸ, ವಸಂತನರಸಾಪುರ

ಅಧ್ಯಾಪಕರ ಕೊನೆಯ ಮಾತನ್ನು ಬಿಟ್ಟು ಉಳಿದೆಲ್ಲವನ್ನೂ ನಾನು ಒಪ್ಪುತ್ತೇನೆ. ನೀರಿನ ಪೊರೆಯಿಂದ ನಡೆಯುವ ತುಕ್ಕಿನಲ್ಲಿ ಬಿಸಿ ಎರಡು ಕೆಲಸ ಮಾಡುತ್ತದೆ: ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಜೊತೆಗೆ ಪೊರೆಯನ್ನು ಆರಿಸುತ್ತದೆ. ಎರಡನೆಯದು ಗೆದ್ದರೆ ಬಿಸಿಲಿನ ಭಾಗವೇ ಉಳಿದುಕೊಳ್ಳುತ್ತದೆ. ಪ್ರಶ್ನೆ ಕೇಳಿದವರಿಗೆ ಬೆಸುಗೆ ಬಿಟ್ಟಿದ್ದು ಕೆಳ ಅಂತಸ್ತಿನಲ್ಲಿ, ಅಂದರೆ ನೆರಳಿನಲ್ಲಿ, ಕಡೆಗೆ ಒಣಗುವ ಜಾಗದಲ್ಲಿ ಎಂಬುದನ್ನು ಗಮನಿಸಬೇಕು. ಪೊರೆ ಆರುವ ಮುನ್ನ ತೀರಾ ತೆಳುವಾಗಿರುವಾಗ ಆಮ್ಲಜನಕ ಅದನ್ನು ಸುಲಭವಾಗಿ ದಾಟುತ್ತದೆ, ಲವಣವೂ ಸಾಂದ್ರವಾಗಿರುತ್ತದೆ. ಬಕೆಟ್ಟಿನ ನೀರಿನಲ್ಲಿ ಮುಳುಗಿದ ಕಬ್ಬಿಣಕ್ಕಿಂತ ಅರೆಬರೆ ಒದ್ದೆಯಾಗಿರುವ ಕಬ್ಬಿಣ ಬೇಗ ಕೆಡುವುದು ಇದರಿಂದಲೇ.

ಉಷ್ಣತೆಯ ನಿಜವಾದ ಆಳ್ವಿಕೆ ನೋಡಬೇಕಾದರೆ ಉಕ್ಕನ್ನು ಕಾಯಿಸಿ ಹದಮಾಡುವ ನಮ್ಮ ಕುಲುಮೆಗಳಿಗೆ ಬರಬೇಕು. ಇಲ್ಲಿ ನೀರಿಲ್ಲ, ಅನಿಲ ನೇರವಾಗಿ ಲೋಹದೊಡನೆ ಸೇರುತ್ತದೆ. ಆಗ ವೇಗವನ್ನು ಆಳುವುದು ಮೇಲೆ ಬೆಳೆಯುವ ಪದರ. ಪದರ ಬಿರುಕಿಲ್ಲದೆ ಅಂಟಿಕೊಂಡಿದ್ದರೆ, ಒಳಗಿನಿಂದ ಲೋಹದ ಅಯಾನುಗಳಾಗಲಿ ಹೊರಗಿನಿಂದ ಆಮ್ಲಜನಕದ ಅಯಾನುಗಳಾಗಲಿ ಆ ಪದರವನ್ನು ತೂರಿಕೊಂಡೇ ಸಾಗಬೇಕು. ಪದರ ದಪ್ಪವಾದಷ್ಟೂ ದಾರಿ ಉದ್ದ, ವೇಗ ಕಡಿಮೆ. ಹೀಗಾಗಿ ಒಂದು ಗಂಟೆಯಲ್ಲಿ ಬೆಳೆದ ದಪ್ಪ ಎರಡು ಪಟ್ಟಾಗಲು ನಾಲ್ಕು ಗಂಟೆ, ಮೂರು ಪಟ್ಟಾಗಲು ಒಂಬತ್ತು ಗಂಟೆ ಬೇಕಾಗುತ್ತದೆ. ಇದಕ್ಕೆ ಪರವಲಯ ನಿಯಮವೆಂದು ಹೆಸರು. ಪದರದೊಳಗಿನ ಈ ಸಾಗಾಟಕ್ಕೆ ಪೂರ್ತಿ ಸಿದ್ಧಾಂತವನ್ನು 1933ರಲ್ಲಿ ಜರ್ಮನಿಯ ಕಾರ್ಲ್ ವಾಗ್ನರ್ ಕೊಟ್ಟರು. ಪದರ ನಿಲ್ಲದೆ ಉದುರಿದರೆ, ಕರಗಿದರೆ ಅಥವಾ ಆವಿಯಾದರೆ ಲೋಹಕ್ಕೆ ಯಾವ ಮರೆಯೂ ಉಳಿಯುವುದಿಲ್ಲ, ಗಂಟೆಗೆ ಇಷ್ಟೆಂದು ಒಂದೇ ಸಮನೆ ಸವೆಯುತ್ತದೆ.

ಪದರ ನಿಲ್ಲುತ್ತದೆಯೇ ಎಂಬುದಕ್ಕೆ ಒಂದು ಹಳೆಯ ಅಂದಾಜಿದೆ. 1923ರಲ್ಲಿ ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬಿಬ್ಬರು, ಹುಟ್ಟುವ ಆಕ್ಸೈಡಿನ (ಲೋಹ ಆಮ್ಲಜನಕದೊಡನೆ ಸೇರಿ ಆಗುವ ಪದರದ) ಗಾತ್ರವನ್ನು ಅದಕ್ಕೆ ಖರ್ಚಾದ ಲೋಹದ ಗಾತ್ರದಿಂದ ಭಾಗಿಸಿ ನೋಡಿದರು. ಮೆಗ್ನೀಸಿಯಂಗೆ ಅದು ಸುಮಾರು 0.8, ಅಂದರೆ ಮೈ ಮುಚ್ಚಲು ಬಟ್ಟೆ ಸಾಲದು. ಅಲ್ಯೂಮಿನಿಯಂಗೆ ಸುಮಾರು 1.3, ಹೊಲಿಸಿದಂತೆ ಸರಿಹೊಂದುತ್ತದೆ. ಈ ಅಂಕಿ 2ನ್ನು ಬಹಳ ಮೀರಿದರೆ ಪದರ ತನ್ನ ಒತ್ತಡಕ್ಕೆ ತಾನೇ ಒಡೆಯುವ ಸಂಭವ ಹೆಚ್ಚು. ಇದು ಅಂದಾಜು ಮಾತ್ರ, ಕ್ರೋಮಿಯಂನ ಅಂಕಿ 2ರ ಮೇಲಿದ್ದರೂ ಅದರ ಆಕ್ಸೈಡು ಅತ್ಯುತ್ತಮ ರಕ್ಷಕ.

ಕಬ್ಬಿಣದಲ್ಲಿ 570 ಡಿಗ್ರಿ ಸೆಲ್ಸಿಯಸ್ ಒಂದು ಗಡಿ. ಅದರ ಮೇಲೆ ವುಸ್ಟೈಟ್ ಎಂಬ ಆಕ್ಸೈಡು ಹುಟ್ಟುತ್ತದೆ. ಅದರ ಹರಳಿನಲ್ಲಿ ಕಬ್ಬಿಣದ ಅನೇಕ ಸ್ಥಾನಗಳು ಖಾಲಿ ಇರುವುದರಿಂದ ಅಯಾನುಗಳು ಒಂದರಿಂದೊಂದಕ್ಕೆ ಸಲೀಸಾಗಿ ನೆಗೆಯುತ್ತವೆ, ಪದರ ಬೇಗ ಬೆಳೆಯುತ್ತದೆ. ಗಂಧಕದ ಅನಿಲಗಳು ಇನ್ನೂ ಕೆಟ್ಟವು. ಲೋಹ ಗಂಧಕದೊಡನೆ ಸೇರಿ ಆಗುವ ಸಲ್ಫೈಡುಗಳಲ್ಲಿ ಇಂತಹ ಖಾಲಿ ಸ್ಥಾನಗಳು ಆಕ್ಸೈಡುಗಳಿಗಿಂತ ಬಹಳ ಹೆಚ್ಚು. ನಿಕ್ಕಲ್ ಇದ್ದರಂತೂ ನಿಕ್ಕಲ್ ಮತ್ತು ಅದರ ಸಲ್ಫೈಡು ಕೂಡಿ ಸುಮಾರು 640 ಡಿಗ್ರಿಗೇ ಕರಗುತ್ತವೆ.

ಕ್ಲೋರಿನ್ನಿನ ವಿಷಯದಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಘಟಕದಲ್ಲಿ ಬಿಡಿಭಾಗಗಳನ್ನು ಸರಿಯಾಗಿ ತೊಳೆಯದೆ, ಕ್ಲೋರಿನ್ ಬೆರೆತ ಕಟಿಂಗ್ ಆಯಿಲ್ ಸಮೇತ ಕುಲುಮೆಗೆ ಬಿಡುತ್ತಿದ್ದರು. ನಿಕ್ಕಲ್-ಕ್ರೋಮಿಯಂ ಉಕ್ಕಿನ ಬುಟ್ಟಿಗಳು ಕೆಲವೇ ತಿಂಗಳಲ್ಲಿ ಕಡ್ಡಿಯಷ್ಟು ಸಣ್ಣಗಾದವು. ಆಶ್ಚರ್ಯವೆಂದರೆ ಅಷ್ಟು ಲೋಹ ಹೋದರೂ ಮೇಲೆ ದಪ್ಪ ಪದರವೇ ಇರಲಿಲ್ಲ. ಕಬ್ಬಿಣದ ಫೆರಿಕ್ ಕ್ಲೋರೈಡು ಸುಮಾರು 315 ಡಿಗ್ರಿಯಲ್ಲೇ ಆವಿಯಾಗುತ್ತದೆ, ಪದರ ಹುಟ್ಟಿದಂತೆಲ್ಲ ಹಾರಿಹೋಗುತ್ತಿತ್ತು. ಸಿಲಿಂಡರಿನ ಉಕ್ಕು ಸುರಕ್ಷಿತವೆಂಬ ಮಾತಿಗೂ ಇದೇ ಮಿತಿ: ಒಣ ಕ್ಲೋರಿನ್ನಿನಲ್ಲಿ ಸುಮಾರು 250 ಡಿಗ್ರಿಗೆ ಉಕ್ಕು ಹೊತ್ತಿಕೊಂಡು ಉರಿಯುತ್ತದೆ. ಟೈಟೇನಿಯಂ ಇದಕ್ಕೆ ತದ್ವಿರುದ್ಧ. ತೇವದ ಕ್ಲೋರಿನ್ನನ್ನು ಅದು ಚೆನ್ನಾಗಿ ತಾಳುತ್ತದೆ, ಏಕೆಂದರೆ ಅದರ ಕಾಪಿನ ಆಕ್ಸೈಡನ್ನು ದುರಸ್ತಿ ಮಾಡಲು ನೀರು ಬೇಕು. ಒಣ ಕ್ಲೋರಿನ್ನಿನಲ್ಲಿ ಅದೇ ಟೈಟೇನಿಯಂ ಬೆಂಕಿ ಹಿಡಿಯುತ್ತದೆ. ಆದ್ದರಿಂದ ಒಂದು ಲೋಹ ಗಟ್ಟಿಯೋ ಅಲ್ಲವೋ ಎಂದು ಯಾರಾದರೂ ಕೇಳಿದರೆ, ಯಾವ ಅನಿಲ, ಎಷ್ಟು ತೇವ, ಎಷ್ಟು ಬಿಸಿ ಎಂದು ತಿರುಗಿ ಕೇಳದೆ ನಾನು ಉತ್ತರ ಹೇಳುವುದಿಲ್ಲ.

ಉತ್ತರ 3: ಗಣಿ ಕಾಲೋನಿ, ಕೆಜಿಎಫ್

ನಮ್ಮ ತಂದೆ ಚಿನ್ನದ ಗಣಿಯ ಅಸ್ಸೇ ವಿಭಾಗದಲ್ಲಿ, ಅಂದರೆ ಚಿನ್ನದ ಪ್ರಮಾಣವನ್ನು ಪರೀಕ್ಷಿಸುವ ವಿಭಾಗದಲ್ಲಿ, ಇದ್ದರು. ಚಿನ್ನ-ಬೆಳ್ಳಿಯ ಮಣಿಯಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುವ ಕೋಣೆಗೂ ಸೂಕ್ಷ್ಮ ತಕ್ಕಡಿಯ ಕೋಣೆಗೂ ನಡುವೆ ಬಾಗಿಲು ತೆರೆದಿಟ್ಟರೆ ಗದರುತ್ತಿದ್ದರೆಂದು ಅವರು ಹೇಳುತ್ತಿದ್ದುದು ನೆನಪಾಗುತ್ತದೆ. ಆಮ್ಲದ ಹೊಗೆ ಮೊದಲು ತಕ್ಕಡಿಯ ಉಕ್ಕನ್ನೂ ಹಿತ್ತಾಳೆಯನ್ನೂ ಹಿಡಿಯುತ್ತದೆ.

ಮೇಲಿನ ಇಬ್ಬರೂ ಪೊರೆ ಮತ್ತು ಪದರದ ಬಗ್ಗೆ ಬರೆದಿದ್ದಾರೆ. ಮೂರನೆಯ ಸಾಧ್ಯತೆಯೊಂದಿದೆ: ಅನಿಲ ಲೋಹದ ತನಕ ಬಂದು ತಲುಪುವುದೇ ತಡವಾಗುವುದು. ಮನೆಯ ಬೆಳ್ಳಿ ದೀಪ ಕಪ್ಪಾಗುವುದು ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡಿನಿಂದ. ಅದು ಗಾಳಿಯಲ್ಲಿ ಇರುವುದು ನೂರು ಕೋಟಿ ಭಾಗಕ್ಕೆ ಒಂದೆರಡು ಭಾಗದಷ್ಟು. ಬೆಳ್ಳಿಯ ಸಲ್ಫೈಡು ಬೆಳ್ಳಿಯ ಅಯಾನುಗಳನ್ನು ಸರಾಗವಾಗಿ ದಾಟಿಸುವುದರಿಂದ ಪದರ ಅಡ್ಡಿಯಾಗುವುದಿಲ್ಲ, ಅನಿಲ ಬಂದಷ್ಟೂ ಖರ್ಚಾಗುತ್ತದೆ. ಅಂತಹ ಕಡೆ ಗಾಳಿಯಾಡುವ ಕಿಟಕಿಯ ಬಳಿಯ ದೀಪ ಪೆಟ್ಟಿಗೆಯೊಳಗಿನ ದೀಪಕ್ಕಿಂತ ಬೇಗ ಕಪ್ಪಾಗುತ್ತದೆ. ಹುಳುಮನೆಯಲ್ಲಿ ಹಾಗಲ್ಲ, ಅಲ್ಲಿ ಗಾಳಿ ಪೊರೆಯನ್ನು ಆರಿಸುತ್ತದೆ. ಎಲ್ಲಿ ಯಾವ ಹಂತ ನಿಧಾನವೋ ಅಲ್ಲಿ ಆ ಹಂತವೇ ವೇಗವನ್ನು ನಿರ್ಧರಿಸುತ್ತದೆ, ಆದ್ದರಿಂದ ಒಂದು ಕಡೆಯ ಮದ್ದು ಇನ್ನೊಂದು ಕಡೆ ತಿರುಗುಬಾಣವಾಗಬಹುದು.

ಚಿನ್ನದ ಊರಿನವನಾದ್ದರಿಂದ ಇದನ್ನೂ ಸೇರಿಸುತ್ತೇನೆ. ಕರಗಿದ ಚಿನ್ನಕ್ಕೆ ಕ್ಲೋರಿನ್ ಊದಿ ಶುದ್ಧಮಾಡುವ ವಿಧಾನವನ್ನು 1867ರಲ್ಲಿ ಸಿಡ್ನಿಯ ಟಂಕಸಾಲೆಯ ಮಿಲ್ಲರ್ ರೂಪಿಸಿದರು. ಸತು, ಸೀಸ, ತಾಮ್ರಗಳಂತಹವು ಮೊದಲು ಕ್ಲೋರೈಡಾಗುತ್ತವೆ, ಬಳಿಕ ಬೆಳ್ಳಿ. ಅಷ್ಟು ಬಿಸಿಯಲ್ಲಿ ಚಿನ್ನದ ಕ್ಲೋರೈಡು ನಿಲ್ಲುವುದಿಲ್ಲವಾದ್ದರಿಂದ ಚಿನ್ನ ಉಳಿಯುತ್ತದೆ. ಇಲ್ಲಿ ವೇಗಕ್ಕಿಂತ ಮೊದಲು ನೋಡಬೇಕಾದದ್ದು ಆ ಸಂಯುಕ್ತ ಆ ಉಷ್ಣತೆಯಲ್ಲಿ ಬಾಳುತ್ತದೆಯೇ ಎಂಬುದನ್ನು.

ನಿಮ್ಮ ಹಿತ್ತಾಳೆ ಮೂತಿಯ ಸೀಳು ಕ್ಲೋರಿನ್ನಿನದಲ್ಲ ಎಂದು ನನ್ನ ಊಹೆ. ಹುಳುವಿನ ಹಿಕ್ಕೆ ಮತ್ತು ಕೊಳೆತ ಸೊಪ್ಪಿನಿಂದ ಅಮೋನಿಯಾ ಏಳುತ್ತದೆ. ಬಿಗಿತವಿರುವ ಹಿತ್ತಾಳೆಯನ್ನು ತೇವದ ಅಮೋನಿಯಾ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಕುದುರೆ ಲಾಯಗಳಲ್ಲಿಟ್ಟ ತೋಟಾಗಳ ಹಿತ್ತಾಳೆ ಕವಚಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದುದಕ್ಕೆ ಕಾರಣ ಇದೇ ಅನಿಲವೆಂದು ಮುಂದೆ ತಿಳಿಯಿತು. ಸ್ಪ್ರೇಯರನ್ನು ಹುಳುಮನೆಯಲ್ಲಿ ಇಡಬೇಡಿ.

ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ ತಾಲ್ಲೂಕು

ಮೂವರಿಗೂ ಕೃತಜ್ಞತೆಗಳು. ಮೇಷ್ಟ್ರೇ, ಹಾಗಾದರೆ ಸಿಂಪಡಿಸಿದ ಮೇಲೆ ಆಂಗಲ್‌ಗಳನ್ನು ತೊಳೆದರೆ ಸಾಕೇ, ಅಥವಾ ಎಲ್ಲವನ್ನೂ ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಬೇಕೇ? ಸಿಂಪಡಣೆಯನ್ನು ಬಿಡಲಂತೂ ಆಗದು, ಹಾಲುತೊಂಡೆ ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ.

ರಸಾಯನಶಾಸ್ತ್ರ ಅಧ್ಯಾಪಕ, ತುಮಕೂರು

ಬಿಸಿಲಿನ ಬಗ್ಗೆ ನಾನು ಅವಸರದಲ್ಲಿ ಬರೆದದ್ದನ್ನು ವಸಂತನರಸಾಪುರದವರು ತಿದ್ದಿದ್ದು ಸರಿಯಾಗಿದೆ.

ಸ್ಟೇನ್‌ಲೆಸ್‌ಗೆ ಅವಸರಪಡಬೇಡಿ. ಪೇಟೆಯಲ್ಲಿ ಸಿಗುವ 304 ದರ್ಜೆಯದರಲ್ಲಿಯೂ ಕ್ಲೋರೈಡು ಸೂಜಿಮೊನೆಯ ಗುಂಡಿಗಳನ್ನು ಕೊರೆಯುತ್ತದೆ, ಮಾಲಿಬ್ಡಿನಂ ಬೆರೆತ 316 ಅದಕ್ಕಿಂತ ತಾಳುತ್ತದೆ, ಆದರೆ ದುಬಾರಿ. ಸೋಂಕು ನಿವಾರಣೆಗೆ ಬೇಕಾದಷ್ಟು ಹೊತ್ತು ದ್ರಾವಣವನ್ನು ಬಿಟ್ಟ ಮೇಲೆ, ಲೋಹದ ಭಾಗಗಳನ್ನು ಮಾತ್ರ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಒರೆಸಿ, ಕಿಟಕಿ ತೆರೆದು ಒಣಗಿಸಿ. ಹಳೆಯ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿದರಷ್ಟೇ ಸಾಲದು, ತುಕ್ಕಿನ ಅಡಿಯಲ್ಲಿ ಕ್ಲೋರೈಡು ಅಡಗಿರುತ್ತದೆ. ಉಜ್ಜಿ, ತೊಳೆದು, ಒಣಗಿಸಿ, ಮತ್ತೆ ಒಮ್ಮೆ ಹಾಗೆಯೇ ಮಾಡಿ ಆಮೇಲೆ ಎಪಾಕ್ಸಿ ಪ್ರೈಮರ್ ಮತ್ತು ಬಣ್ಣ ಬಳಿಯಿರಿ. ಲವಣದ ಮೇಲೆ ಬಳಿದ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಬ್ಲೀಚಿಂಗ್ ಪೌಡರಿಗೆ ಆಮ್ಲವನ್ನಾಗಲಿ ಫಾರ್ಮಲಿನ್ನನ್ನಾಗಲಿ ಯಾವ ಕಾರಣಕ್ಕೂ ಬೆರೆಸಬೇಡಿ, ಅದರಿಂದ ಏಳುವ ಅನಿಲ ಲೋಹಕ್ಕಿಂತ ಮೊದಲು ನಿಮ್ಮ ಶ್ವಾಸಕೋಶವನ್ನು ಸುಡುತ್ತದೆ.

ನಂಬಿಕೆ ಬರಲು ಒಂದು ಪರೀಕ್ಷೆ ಮಾಡಿ. ಒಂದೇ ಆಂಗಲ್‌ನಿಂದ ಮೂರು ತುಂಡು ಕತ್ತರಿಸಿ, ಹೊಳೆಯುವಂತೆ ಉಜ್ಜಿ, ಒಂದಕ್ಕೆ ಸಿಂಪಡಿಸದೆ, ಒಂದಕ್ಕೆ ಸಿಂಪಡಿಸಿ ಹಾಗೆಯೇ, ಒಂದಕ್ಕೆ ಸಿಂಪಡಿಸಿ ತೊಳೆದು ಒರೆಸಿ, ಮೂರನ್ನೂ ಒಂದೇ ಎತ್ತರದಲ್ಲಿ ನೇತುಹಾಕಿ.

ಹಿಪ್ಪುನೇರಳೆ ತೋಟ, ಶಿಡ್ಲಘಟ್ಟ ತಾಲ್ಲೂಕು

ಒಂದು ಬೆಳೆ ಮುಗಿಯುವ ತನಕ ಕಾದು ಬರೆಯುತ್ತಿದ್ದೇನೆ. ಸಿಂಪಡಿಸಿ ಹಾಗೆಯೇ ಬಿಟ್ಟ ತುಂಡಿಗೆ ಮೂರನೆಯ ದಿನವೇ ಕೆಂಪು ಬಂದಿತು, ಈಗ ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ, ಬೆಳಗಿನ ಹೊತ್ತು ಮುಟ್ಟಿದರೆ ಜಿಗುಟಾಗಿ ಒದ್ದೆಯಿರುತ್ತದೆ. ತೊಳೆದು ಒರೆಸಿದ ತುಂಡಿನಲ್ಲಿ ಅಂಚುಗಳಲ್ಲಿ ಮಾತ್ರ ಕಂದು ಕಲೆಗಳಿವೆ, ಸಿಂಪಡಿಸದ ತುಂಡಿಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣುತ್ತಿಲ್ಲ. ನಾಲ್ಕನೆಯದಾಗಿ ನಾನೇ ಒಂದು ತುಂಡನ್ನು ತೊಳೆದು ಒರೆಸದೆ ನೆಲದ ಹತ್ತಿರ ಇಟ್ಟಿದ್ದೆ. ಅದರ ಕೆಳಗಿನ ಮೂಲೆಯಲ್ಲಿ ನೀರು ನಿಂತ ಜಾಗ ಪೂರ್ತಿ ಕೆಂಪಾಗಿದೆ. ಈ ವಾರ ಸ್ಟ್ಯಾಂಡುಗಳನ್ನು ಹೊರಗೆ ತಂದು ಉಜ್ಜಿಸುತ್ತಿದ್ದೇನೆ, ಬಿಟ್ಟುಕೊಂಡ ಬೆಸುಗೆಗಳನ್ನು ಹೊಸದಾಗಿ ಹಾಕಿಸುವಾಗ ನೀರು ನಿಲ್ಲುವ ಸಂದುಗಳನ್ನು ಪೂರ್ತಿ ಮುಚ್ಚಿಸಿ, ಆಂಗಲ್‌ನ ತೊಟ್ಟಿಯಂತಹ ಮೈ ಕೆಳಮುಖವಾಗಿರುವಂತೆ ತಿರುಗಿಸಿ ಕೂರಿಸಲು ಬೆಸುಗೆಯವರಿಗೆ ಹೇಳಿದ್ದೇನೆ.